ಬೆಂಗಳೂರಿನ ಸ್ಟೋರೇಜ್ ಬಾಡಿಗೆ ಜಗಳಕ್ಕೆ ಹಾಸನದಲ್ಲೇ ದೂರು ಕೊಡಬಹುದು

ಬೆಂಗಳೂರಿನ ಮನೆ ಖಾಲಿ ಮಾಡಿ ಹಾಸನದ ಊರಿಗೆ ಬಂದಿದ್ದೀರಾ, ಬೀರು, ಮಂಚ, ಫ್ರಿಜ್ಜು ಅಲ್ಲಿನ ಸ್ಟೋರೇಜ್‌ನಲ್ಲಿವೆ, ಈಗ ಬಾಡಿಗೆ ಲೆಕ್ಕದಲ್ಲಿ ಜಗಳ ಬಂದಿದೆಯಾ? ನೀವು ಒಪ್ಪುವಷ್ಟು ಬಾಕಿಯನ್ನು ಮೊದಲು ಯುಪಿಐನಲ್ಲಿ ಕಟ್ಟಿಬಿಡಿ, ತಕರಾರಿರುವ ಮೊತ್ತಕ್ಕೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಆಫೀಸು ಎಲ್ಲಿದ್ದರೂ ಸರಿ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಒಪ್ಪಿದ ಹಣ ಮೊದಲೇ ಯಾಕೆ ಅಂದ್ರೆ, ಆಮೇಲೆ 'ಇವರು ದುಡ್ಡೇ ಕೊಡಲಿಲ್ಲ' ಅನ್ನೋ ಮಾತಿಗೆ ಜಾಗ ಇರಲ್ಲ. ಕಟ್ಟಿದ ದಿನವೇ ಒಂದು ಇಮೇಲ್ ಹಾಕಿ: ಯಾವ ತಿಂಗಳ ಬಾಡಿಗೆ, ಯಾವ ದಂಡವನ್ನು ಒಪ್ಪುತ್ತಿಲ್ಲ, ಸಾಮಾನು ಹರಾಜು ಹಾಕಬೇಡಿ. ಫೋನಿನಲ್ಲಿ ಎಷ್ಟು ಕೂಗಾಡಿದರೂ ಅದು ದಾಖಲೆಯಲ್ಲ. ದೂರಿಗೆ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ, ಕೆಲವು ಸಲ ಅಲ್ಲೇ ಮುಗಿಯುತ್ತೆ. ಆದರೆ ವ್ಯಾಪಾರಕ್ಕೆಂದು ಕಾಫಿ, ಮೆಣಸಿನ ಮೂಟೆ ಇಟ್ಟಿದ್ದರೆ ಈ ದಾರಿ ಸಾಮಾನ್ಯವಾಗಿ ನಡೆಯಲ್ಲ, ವಾಣಿಜ್ಯ ಉದ್ದೇಶದವರನ್ನು ಕಾಯ್ದೆ ಗ್ರಾಹಕ ಅನ್ನಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾದರೆ ಮಾತ್ರ ವಿನಾಯಿತಿ. ತಕರಾರು ಹುಟ್ಟಿ 2 ವರ್ಷ ದಾಟಿದರೆ ವಿಳಂಬಕ್ಕೆ ಕಾರಣ ಒಪ್ಪಿಸಬೇಕಾಗುತ್ತೆ. ನಿಜವಾಗಿ ಕೊಡಬೇಕಾದ ಬಾಡಿಗೆಯನ್ನಂತೂ ಆಯೋಗ ಮನ್ನಾ ಮಾಡಲ್ಲ.