ಸ್ನಾಯುವಿನ ಬಲ ಲೆಕ್ಕ ಹಾಕಲು ಟೇಪು ಸಾಲದು

ಮುಂಬಯಿ ಕಡೆಯ ಮಾಟುಂಗಾ, ಡೊಂಬಿವಲಿಯ ಜಿಮ್‌ಗಳಲ್ಲಿ ನಮ್ಮ ಹುಡುಗರು ತೋಳಿಗೆ, ಮೀನಖಂಡಕ್ಕೆ ಟೇಪು ಸುತ್ತಿ ಅಳೆಯುತ್ತಾರೆ. ಸುತ್ತಳತೆ ಜಾಸ್ತಿಯಾದರೆ ಬಲವೂ ಜಾಸ್ತಿ ಅನ್ನುವುದು ಅರ್ಧ ನಿಜ. ಒಳಗೆ ಎಳೆಗಳು ಹೇಗೆ ಕೂತಿವೆ ಅನ್ನುವುದನ್ನು ಟೇಪು ಹೇಳುವುದಿಲ್ಲ.

ಮೊದಲು ಒಂದೇ ಥರದ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಪಕ್ಕಪಕ್ಕ ಹಿಡಿದು ಎಳೆದರೆ ಬಿಗಿ ಎರಡರಷ್ಟು. ತುದಿಗೆ ತುದಿ ಗಂಟು ಹಾಕಿ ಎಳೆದರೆ ಬಿಗಿ ಒಂದರಷ್ಟೇ, ಆದರೆ ಹಿಗ್ಗುವುದು ಎರಡರಷ್ಟು ದೂರ. ಸ್ನಾಯುವಿನಲ್ಲೂ ಹೀಗೇ. ಪಕ್ಕಪಕ್ಕ ಇರುವ ಎಳೆಗಳು ಬಲ ಕೊಡುತ್ತವೆ. ಉದ್ದ ಎಳೆಗಳು ದೂರ ಮತ್ತು ವೇಗ ಕೊಡುತ್ತವೆ.

ಈಗ ಲೆಕ್ಕ. ಸ್ನಾಯುವಿನ ತೂಕವನ್ನು ಗ್ರಾಂನಲ್ಲಿ ಬರೆದು, ಸ್ನಾಯು ಎಳೆಯುವ ದಿಕ್ಕಿಗೆ ಎಳೆಗಳು ಎಷ್ಟು ಓರೆಯಾಗಿವೆಯೋ ಆ ಕೋನದ ಕೊಸೈನ್‌ನಿಂದ ಗುಣಿಸಿ. ಬಂದದ್ದನ್ನು ಸಾಂದ್ರತೆ 1.056ರಿಂದ ಭಾಗಿಸಿ, ಮತ್ತೆ ಎಳೆಯ ಉದ್ದದಿಂದ (ಸೆಂ.ಮೀ.) ಭಾಗಿಸಿ. ಎಳೆಗಳಿಗೆ ಅಡ್ಡವಾಗಿ ಕತ್ತರಿಸಿದರೆ ಕಾಣುವ ಒಟ್ಟು ವಿಸ್ತೀರ್ಣ ಇದು. ಪ್ರತಿ ಚದರ ಸೆಂ.ಮೀ.ಗೆ ಸುಮಾರು 22.5 ನ್ಯೂಟನ್ ಬಲ ಹಿಡಿಯಿರಿ.

ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಹಿಮ್ಮಡಿ ಎತ್ತುವ ಸ್ನಾಯುಗಳಲ್ಲಿ ಸೋಲಿಯಸ್ ಮುಖ್ಯ. ಮೀನಖಂಡದ ಒಳಪದರ ಅದು. ಶವಗಳಲ್ಲಿ ಅಳೆದ ಸರಾಸರಿ ಪ್ರಕಾರ ತೂಕ ಸುಮಾರು 275 ಗ್ರಾಂ, ಎಳೆ 4.4 ಸೆಂ.ಮೀ., ಓರೆ 28 ಡಿಗ್ರಿ. ಲೆಕ್ಕ ಹಾಕಿದರೆ 52 ಚದರ ಸೆಂ.ಮೀ., ಅಂದರೆ ಸುಮಾರು 1,170 ನ್ಯೂಟನ್. ತೊಡೆಯ ಮೇಲೆ ಓರೆಯಾಗಿ ಇಳಿಯುವ ಸಾರ್ಟೋರಿಯಸ್ ದೇಹದಲ್ಲೇ ಅತಿ ಉದ್ದದ ಸ್ನಾಯು. ತೂಕ 78 ಗ್ರಾಂ, ಎಳೆ 40 ಸೆಂ.ಮೀ., ಎಳೆಗಳ ಓರೆ ಬಹುತೇಕ ಸೊನ್ನೆ. ಅದರ ವಿಸ್ತೀರ್ಣ 2 ಚದರ ಸೆಂ.ಮೀ. ಕೂಡ ಇಲ್ಲ. ಬಲ ಸುಮಾರು 42 ನ್ಯೂಟನ್. ತೂಕದಲ್ಲಿ ಮೂರೂವರೆ ಪಟ್ಟು ವ್ಯತ್ಯಾಸ, ಬಲದಲ್ಲಿ 28 ಪಟ್ಟು! ನನಗೆ ಇಡೀ ಲೆಕ್ಕದಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ.

ಓರೆಯಾಗಿ ಎಳೆದರೆ ಬಲ ನಷ್ಟ ಅಲ್ವಾ? ನಷ್ಟವೇ. 28 ಡಿಗ್ರಿಗೆ ಸುಮಾರು ಶೇ 12. ಆದರೆ ಓರೆಯಾಗಿ ಜೋಡಿಸಿದರೆ ಅಷ್ಟೇ ಜಾಗದಲ್ಲಿ ಗಿಡ್ಡ ಎಳೆಗಳು ಎಷ್ಟೋ ಜಾಸ್ತಿ ಹಿಡಿಸುತ್ತವೆ. ಆ ಲಾಭದ ಮುಂದೆ ಈ ನಷ್ಟ ಚಿಕ್ಕದು.

ಬದುಕಿರುವವರ ಸ್ನಾಯುವನ್ನು ತೂಗಲು ಆಗುವುದಿಲ್ಲ. ಎಂಆರ್‌ಐನಿಂದ ಗಾತ್ರ, ಅಲ್ಟ್ರಾಸೌಂಡ್‌ನಿಂದ ಓರೆ ತಿಳಿಯುತ್ತಾರೆ.

ವ್ಯಾಯಾಮದಿಂದ ಮುಖ್ಯವಾಗಿ ಎಳೆಗಳು ದಪ್ಪಗಾಗುತ್ತವೆ, ವಿಸ್ತೀರ್ಣ ಬೆಳೆಯುತ್ತದೆ. ಸೋಲಿಯಸ್ ಬೆಳೆಸಬೇಕಾದರೆ ಮಂಡಿ ಮಡಚಿ ಕೂತು, ತೊಡೆಯ ಮೇಲೆ ಭಾರ ಇಟ್ಟು ಹಿಮ್ಮಡಿ ಎತ್ತಿ. ಮಂಡಿ ಮಡಚಿದಾಗ ಮೀನಖಂಡದ ಹೊರಸ್ನಾಯು ಸಡಿಲವಾಗುತ್ತದೆ, ಕೆಲಸವೆಲ್ಲ ಬಹುಪಾಲು ಸೋಲಿಯಸ್ ಮೇಲೆ ಬೀಳುತ್ತದೆ.