ಅಮೆರಿಕದಲ್ಲಿ ಇಂಡಿಯನ್ ಪಾಸ್‌ಪೋರ್ಟ್ ರಿನ್ಯೂ ಮಾಡಿಸುವವರಿಗೆ

ರಿನ್ಯೂ ಕೆಲಸಕ್ಕೆ ಕೈಹಾಕುವ ಮೊದಲು ಸಿಬಿಪಿ (ಅಮೆರಿಕದ ಗಡಿ ಮತ್ತು ಕಸ್ಟಮ್ಸ್ ಇಲಾಖೆ) ವೆಬ್‌ಸೈಟಿನಿಂದ ನಿಮ್ಮ ಐ-94, ಅಂದರೆ ದೇಶದೊಳಗೆ ಬಂದ ದಾಖಲೆ, ಇಳಿಸಿಕೊಂಡು ಕೊನೆಯ ತಾರೀಖು ನೋಡಿ. ಕೆಲಸದ ವೀಸಾ ಎಚ್-1ಬಿಯ ಅಪ್ರೂವಲ್ 2028ರವರೆಗೆ ಇದ್ದು ಪಾಸ್‌ಪೋರ್ಟ್ 2027ಕ್ಕೇ ಮುಗಿಯುವುದಾದರೆ, ಏರ್‌ಪೋರ್ಟಿನ ಅಧಿಕಾರಿ ಐ-94ನ್ನು ಸಾಮಾನ್ಯವಾಗಿ ಪಾಸ್‌ಪೋರ್ಟಿನ ತಾರೀಖಿಗೇ ನಿಲ್ಲಿಸಿಬಿಡುತ್ತಾರೆ. ಇಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ಹೇಳುವುದು ಐ-94, ವೀಸಾ ಸ್ಟಿಕರ್ ಅಲ್ಲ. ಹೊಸ ಪಾಸ್‌ಪೋರ್ಟ್ ಬಂದ ಮಾತ್ರಕ್ಕೆ ಆ ತಾರೀಖು ತಾನಾಗಿ ಮುಂದೆ ಹೋಗುವುದಿಲ್ಲ. ಒಮ್ಮೆ ದೇಶದ ಹೊರಗೆ ಹೋಗಿ ಹೊಸ ಪಾಸ್‌ಪೋರ್ಟ್ ತೋರಿಸಿ ಒಳಗೆ ಬರಬೇಕು, ಇಲ್ಲವೇ ಅವಧಿ ಮುಗಿಯುವುದರೊಳಗೆ ಎಕ್ಸ್‌ಟೆನ್ಶನ್‌ಗೆ ಅರ್ಜಿ ಹಾಕಿಸಬೇಕು. ಊರಿಗೆ ಹೋಗುವ ಯೋಚನೆ ಇದ್ದರೆ ಪಾಸ್‌ಪೋರ್ಟ್ ಕೆಲಸ ಮೊದಲು, ಟಿಕೆಟ್ ಆಮೇಲೆ.

ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ಹಲವು ದೇಶಗಳು ಪ್ರಯಾಣದ ಹೊತ್ತಿಗೆ ಇನ್ನೂ ಆರು ತಿಂಗಳು ಬಾಕಿ ಇರಬೇಕು ಅನ್ನುತ್ತವೆ. ಹಾಗಾಗಿ ಹತ್ತು ವರ್ಷದ ಪುಸ್ತಕ ಓಡಾಟಕ್ಕೆ ಒದಗುವುದು ಒಂಬತ್ತೂವರೆ ವರ್ಷ.

ನಾವು ರಿನ್ಯೂ ಅಂದರೂ ಫಾರ್ಮಿನಲ್ಲಿ ಆರಿಸಬೇಕಾದದ್ದು ‘ರೀ-ಇಶ್ಯೂ’. ಕೆಲಸ ಎರಡು ವೆಬ್‌ಸೈಟಿನಲ್ಲಿ ನಡೆಯುತ್ತದೆ. ಮೊದಲು ಪಾಸ್‌ಪೋರ್ಟ್ ಸೇವಾದಲ್ಲಿ ಫಾರ್ಮ್ ತುಂಬಬೇಕು; ಅದರಲ್ಲೂ ರಾಯಭಾರ ಕಚೇರಿಗಳಿಗೆಂದೇ ಇರುವ ಪೋರ್ಟಲ್, ಭಾರತದೊಳಗಿನವರು ಬಳಸುವುದಲ್ಲ. ಅಲ್ಲಿ ಸಿಗುವ ಎಆರ್‌ಎನ್, ಅಂದರೆ ಅರ್ಜಿಯ ನಂಬರ್ ಹಿಡಿದು, ಕಾನ್ಸುಲೇಟಿನ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯ ಸೈಟಿಗೆ ಹೋಗಿ, ಶುಲ್ಕ ಕಟ್ಟಿ, ಕೊರಿಯರ್ ಆರಿಸಿ, ಚೆಕ್‌ಲಿಸ್ಟ್ ಪ್ರಿಂಟ್ ತೆಗೆಯಬೇಕು. ನೀವು ವಾಸವಿರುವ ರಾಜ್ಯ ಯಾವ ಕಾನ್ಸುಲೇಟಿಗೆ ಸೇರುತ್ತದೋ ಅಲ್ಲಿಗೇ ಅರ್ಜಿ: ಟೆಕ್ಸಾಸಿನವರಿಗೆ ಹ್ಯೂಸ್ಟನ್, ನ್ಯೂಜೆರ್ಸಿಯವರಿಗೆ ನ್ಯೂಯಾರ್ಕ್, ಇಲಿನಾಯ್‌ನವರಿಗೆ ಶಿಕಾಗೊ. ಇತ್ತೀಚೆಗೆ ಮನೆ ಬದಲಿಸಿದವರು ಹೊಸ ವಿಳಾಸದ ಪುರಾವೆ ಬರುವವರೆಗೆ ಕಾಯುವುದೇ ಲೇಸು. ಫಾರ್ಮಿನಲ್ಲಿ ಒಂದು ರಾಜ್ಯ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ರಾಜ್ಯ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ದಾಖಲೆಗಳ ಪಟ್ಟಿ ದೊಡ್ಡದೇನಲ್ಲ: ಅಸಲಿ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್, ಇಲ್ಲಿನ ವಿಳಾಸದ ಪುರಾವೆ, ಕಾನೂನುಬದ್ಧವಾಗಿ ಇದ್ದೀರಿ ಎನ್ನುವುದಕ್ಕೆ ಐ-797 (ಎಚ್-1ಬಿಯಂಥ ಅರ್ಜಿಯ ಅಪ್ರೂವಲ್ ಪತ್ರ) ಅಥವಾ ಗ್ರೀನ್ ಕಾರ್ಡ್, ಫೋಟೊ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಫೋಟೊ ಮತ್ತು ಸಹಿಯಿಂದ.

ಫೋಟೊದ ಕಥೆ ಹೀಗೆ. ಫಾರ್ಮಸಿಗೆ ಹೋಗಿ ‘ಪಾಸ್‌ಪೋರ್ಟ್ ಫೋಟೊ’ ಅಂದರೆ ಅವರು ಅಮೆರಿಕನ್ ಅಳತೆಗೆ ತೆಗೆದುಕೊಡುತ್ತಾರೆ. ಎರಡಿಂಚಿನ ಚೌಕದಲ್ಲಿ ತಲೆಯ ಎತ್ತರ 1ರಿಂದ 1⅜ ಇಂಚು, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಭಾರತದ ಕಾನ್ಸುಲೇಟುಗಳು ಈಗ ಕೇಳುವುದು ಮುಖವೇ 80–85 ಪ್ರತಿಶತ ತುಂಬಿರುವ ಫೋಟೊ. ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಒಂದರಲ್ಲಿ ಭುಜ, ಎದೆಯೆಲ್ಲ ಕಾಣುತ್ತದೆ, ಇನ್ನೊಂದರಲ್ಲಿ ಭುಜದ ತುದಿ ಮಾತ್ರ. ಹಿನ್ನೆಲೆ ಬಿಳಿ, ಕಿವಿಯ ಹಿಂದೆ ನೆರಳು ಬೀಳಬಾರದು, ಬಾಯಿ ಮುಚ್ಚಿರಬೇಕು, ಕನ್ನಡಕ ತೆಗೆದುಬಿಡಿ. ಬಿಳಿ ಅಂಗಿ ಹಾಕಿಕೊಂಡರೆ ಭುಜ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಸಹಿ ಚೌಕದೊಳಗೇ ಇರಬೇಕು, ಗೆರೆಗೆ ತಾಗಬಾರದು. ಸಹಿ ಬಾರದ ಮಕ್ಕಳದ್ದು ಹೆಬ್ಬೆಟ್ಟು: ಗಂಡುಮಗುವಿಗೆ ಎಡಗೈ, ಹೆಣ್ಣುಮಗುವಿಗೆ ಬಲಗೈ. ಕೂಸಿನ ಬೆರಳಿಗೆ ಇಂಕ್ ಪ್ಯಾಡ್ ಒತ್ತಿದರೆ ಮೊದಲ ಗುರುತು ಬರೀ ಮಸಿಯ ಮುದ್ದೆ. ಬೇರೆ ಹಾಳೆಯ ಮೇಲೆ ಎರಡು ಸಲ ಒತ್ತಿಸಿ, ಮಸಿ ಕಡಿಮೆಯಾದ ಮೇಲೆ ಫಾರ್ಮಿನ ಮೇಲೆ ಒತ್ತಿಸಿ. ಮಕ್ಕಳ ಅರ್ಜಿಗೆ ಅಪ್ಪ-ಅಮ್ಮ ಇಬ್ಬರ ಸಹಿಯ ಅನೆಕ್ಸರ್-ಡಿ ಎಂಬ ಒಪ್ಪಿಗೆ ಪತ್ರ ಬೇಕು. ನೋಟರಿ ಮಾಡಿಸಬೇಕಾದ ಕಾಗದಕ್ಕೆ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ. ಕಣ್ಣೆದುರು ಹಾಕಿದ ಸಹಿಗೆ ಮಾತ್ರ ನೋಟರಿ ಮುದ್ರೆ ಒತ್ತುತ್ತಾರೆ.

ಇನ್ನು ಹೆಸರು. ಕನ್ನಡಿಗರಿಗೆ ಇದೊಂದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್ ಎಸ್’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಗಿವನ್ ನೇಮ್ ಸಾಲಿನಲ್ಲೇ, ಸರ್‌ನೇಮ್ ಜಾಗ ಖಾಲಿ. ಅಂಥವರ ಅಮೆರಿಕನ್ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬೀಳುತ್ತದೆ. ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ ಕಾಣಿಸಿಕೊಂಡು, ಆಫೀಸಿನಲ್ಲಿ ‘ಫನು’ ಎಂದು ಕರೆಸಿಕೊಳ್ಳುವವರು ಇದ್ದಾರೆ. 2022ರ ನವೆಂಬರಿನಲ್ಲಿ ಯುಎಇ ಕೂಡ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂಬ ನಿಯಮ ತಂದಿತು. ಇದನ್ನು ಸರಿಮಾಡಿಸಲು ರೀ-ಇಶ್ಯೂ ಒಳ್ಳೆಯ ಸಂದರ್ಭವೇ. ಆದರೆ ವಿವರ ಬದಲಾವಣೆ ಎಂದು ಗುರುತು ಹಾಕಿದರೆ ದಾಖಲೆಯೂ ಹೆಚ್ಚು, ಸಮಯವೂ ಹೆಚ್ಚು. ಗ್ರೀನ್ ಕಾರ್ಡ್ ಅರ್ಜಿ ನಡುವಿನಲ್ಲಿದ್ದರೆ ವಕೀಲರನ್ನು ಕೇಳದೆ ಹೆಸರಿಗೆ ಕೈ ಹಾಕಬೇಡಿ. ಹೊಸದಾಗಿ ಬಂದು ಇನ್ನೂ ಕಾಗದಪತ್ರ ಬೆಳೆದಿಲ್ಲ ಎನ್ನುವವರು ಈಗಲೇ ಮಾಡಿಸಿಬಿಡಿ.

ಭಾರತದ ವಿಳಾಸ ಬರೆಯುವಾಗಲೂ ಯೋಚಿಸಿ. ಪೊಲೀಸ್ ವೆರಿಫಿಕೇಶನ್ ಕೇಳಿದರೆ ಅದು ಹೋಗುವುದು ಆ ವಿಳಾಸದ ಠಾಣೆಗೆ. ಹತ್ತು ವರ್ಷದ ಹಿಂದಿನ ಬಾಡಿಗೆ ಮನೆಯ ವಿಳಾಸವನ್ನೇ ಮತ್ತೆ ತುಂಬಿದರೆ, ಅಲ್ಲಿ ಹೋದ ಪೇದೆಗೆ ನಿಮ್ಮ ಗುರುತು ಹೇಳುವವರು ಯಾರೂ ಇರುವುದಿಲ್ಲ. ಅಪ್ಪ-ಅಮ್ಮನೋ ಅಣ್ಣನೋ ಈಗ ಇರುವ ಮನೆ ಕೊಟ್ಟು, ಅವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ. ಬೇಗ ಸಿಗಲೆಂದು ತತ್ಕಾಲ್ ಶುಲ್ಕ ಕಟ್ಟಿದರೂ ಕೊರಿಯರ್ ಓಡಾಡುವ ದಿನಗಳು ಕಡಿಮೆಯಾಗುವುದಿಲ್ಲ.

ಪಾಸ್‌ಪೋರ್ಟ್ ಕಳಿಸಿದ ಮೇಲೆ ಅದು ವಾರಗಟ್ಟಲೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆ ಅವಧಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ರಿನ್ಯೂ, ವೀಸಾ ಸ್ಟ್ಯಾಂಪಿಂಗ್, ಹೊಸ ಕೆಲಸಕ್ಕೆ ಸೇರುವುದು ಯಾವುದಾದರೂ ಬರುತ್ತದೆಯೇ ನೋಡಿಕೊಳ್ಳಿ. ಖಾಲಿ ಪುಟವನ್ನೂ ಬಿಡದೆ ಬಣ್ಣದ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಹೊಸ ಪುಸ್ತಕ ಬಂದ ದಿನವೇ ಹೆಸರಿನ ಅಕ್ಷರ, ಹುಟ್ಟಿದ ದಿನ, ಕೊನೆಯ ಪುಟದ ಅಪ್ಪ-ಅಮ್ಮ, ಗಂಡ ಅಥವಾ ಹೆಂಡತಿಯ ಹೆಸರು ಓದಿ ನೋಡಿ. ಜೊತೆಗೆ ಹಳೆಯದು ರದ್ದಾದ ಗುರುತಿನೊಂದಿಗೆ ವಾಪಸ್ ಬರುತ್ತದೆ. ಅದರಲ್ಲಿ ಚಾಲ್ತಿ ಅಮೆರಿಕನ್ ವೀಸಾ ಇದ್ದು, ಸ್ಟಿಕರ್ ಹಾಳಾಗಿರದಿದ್ದರೆ, ಎರಡೂ ಪುಸ್ತಕ ಒಟ್ಟಿಗೆ ಹಿಡಿದು ಪ್ರಯಾಣ ಮಾಡಬಹುದು. ಸ್ಟಿಕರನ್ನು ಕಿತ್ತು ಹೊಸದಕ್ಕೆ ಅಂಟಿಸಿದರೆ ಆ ವೀಸಾ ಅಲ್ಲಿಗೇ ಮುಗಿಯಿತು. ಭಾರತದ ಬ್ಯಾಂಕಿನಲ್ಲಿರುವ ಎನ್‌ಆರ್‌ಇ ಖಾತೆಯ ಕೆವೈಸಿಗೆ, ಮೊದಲೇ ಬುಕ್ ಮಾಡಿದ ವಿಮಾನದ ಟಿಕೆಟ್ಟಿಗೆ ಹೊಸ ನಂಬರ್ ಹಾಕಿಸಿ. ಹಳೆಯ ನಂಬರ್ ಉಳಿದಿದ್ದರೆ ಆನ್‌ಲೈನ್ ಚೆಕ್-ಇನ್ ಕೈಕೊಟ್ಟು ಕೌಂಟರಿನ ಸಾಲಿನಲ್ಲಿ ನಿಲ್ಲಬೇಕಾದೀತು.