ಲೌರಿಯ ಗುಂಪನ್ನು ನೋಡುವುದು ಹೇಗೆ?

ಇಂಗ್ಲೆಂಡಿನ ಚಿತ್ರಕಾರ ಎಲ್.ಎಸ್. ಲೌರಿಯ ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ‘ಬೆಂಕಿಕಡ್ಡಿ ಮನುಷ್ಯರು’, ‘ಪಾಪ, ಎಷ್ಟು ಕಷ್ಟ’. ಅಷ್ಟಕ್ಕೇ ಮುಂದಿನ ಚಿತ್ರಕ್ಕೆ ನಡೆದುಬಿಡುತ್ತಾರೆ. ಎರಡೂ ಅವಸರದ ಮಾತು. ‘ಗೋಯಿಂಗ್ ಟು ದ ಮ್ಯಾಚ್’ ಚಿತ್ರವನ್ನೇ ಹಿಡಿದು ನಿಧಾನವಾಗಿ ನೋಡೋಣ. ಇದು 1953ರದ್ದು. ಇಂಗ್ಲೆಂಡಿನ ಬೋಲ್ಟನ್‌ನ ಬರ್ನ್‌ಡೆನ್ ಪಾರ್ಕ್ ಮೈದಾನಕ್ಕೆ ಫುಟ್‌ಬಾಲ್ ನೋಡಲು ಹೊರಟ ಜನ.

ಮೊದಲು ಇಡೀ ಚಿತ್ರದ ಮೇಲೆ ಸುಮ್ನೆ ಕಣ್ಣಾಡಿಸಿ. ಮೈದಾನ, ಮನೆಸಾಲು, ಹಿಂದೆ ಚಿಮಣಿಗಳು. ಸಾಕು.

ಆಮೇಲೆ ನೆಲ ನೋಡಿ. ಬಿಳಿ ಇದೆ, ಅಲ್ವಾ? ಲೌರಿಯ ಶುರುವಿನ ಚಿತ್ರಗಳು ಕಪ್ಪಗಿದ್ದವು. ಹಿನ್ನೆಲೆ ತಿಳಿಯಾಗಲಿ ಎಂದು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯ ವಿಮರ್ಶಕ ಬರ್ನಾರ್ಡ್ ಟೇಲರ್ ಹೇಳಿದ ಮೇಲೆ ಬಿಳಿ ಬಂತು. ಲೌರಿ ಬಳಸುತ್ತಿದ್ದದ್ದು ಐದೇ ಬಣ್ಣ. ನೆರಳನ್ನಂತೂ ಬಿಟ್ಟೇಬಿಟ್ಟರು. ಹಾಗಾಗಿಯೇ ಅಷ್ಟು ಜನರಲ್ಲಿ ಒಬ್ಬೊಬ್ಬರೂ ಬಿಡಿಬಿಡಿಯಾಗಿ ಕಾಣುತ್ತಾರೆ. ಬಿಳಿ ಹಳದಿಗೆ ತಿರುಗಿರುವ ಅಗ್ಗದ ಪ್ರಿಂಟ್ ಮಾತ್ರ ಕೊಳ್ಳಬೇಡಿ. ಈ ಮುಖ್ಯ ಸಂಗತಿಯೇ ಅದರಲ್ಲಿ ಹೋಗಿರುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಜನರನ್ನು ನೋಡುವಾಗ. ಮುಖ ಹುಡುಕಬೇಡಿ, ಮೈ ನೋಡಿ. ಒಂದು ಕಾಗದದಲ್ಲಿ ನಾಣ್ಯದಷ್ಟು ತೂತು ಮಾಡಿ ಪ್ರಿಂಟ್ ಮೇಲೆ ಇಡಿ. ತೂತಿನಲ್ಲಿ ಕಂಡವರು ಎಷ್ಟು ಬಾಗಿದ್ದಾರೆ, ಯಾವ ಕಡೆಗೆ? ಕಾಗದ ಸರಿಸುತ್ತಾ ಹತ್ತು ಜನರನ್ನಾದರೂ ಹೀಗೆ ನೋಡಿ. ಎದುರುಗಾಳಿಗೆ ನಡೆಯುವವರ ಹಾಗೆ ಮುಂದಕ್ಕೆ ಬಾಗಿದ್ದಾರೆ. ಬಹುತೇಕ ಎಲ್ಲರ ಕಾಲೂ ಮೈದಾನದತ್ತ. ಈಗ 1930ರ ‘ಕಮಿಂಗ್ ಫ್ರಮ್ ದ ಮಿಲ್’ ಪಕ್ಕಕ್ಕಿಡಿ. ಅಲ್ಲೂ ಬಾಗಿದ ಬೆನ್ನುಗಳೇ. ಆದರೆ ಅವರು ಗಿರಣಿಯಲ್ಲಿ ದಿನವೆಲ್ಲ ದುಡಿದು ಬಂದವರು. ಅಲ್ಲಿ ದಣಿವು ಕಂಡ ಬಾಗು ಇಲ್ಲಿ ಆತುರವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡದೆ ‘ಪಾಪ’ ಅನ್ನಬಾರದು.

ಕೊನೆಗೆ, ನೀವೆಲ್ಲಿ ನಿಂತಿದ್ದೀರಿ ನೋಡಿ. ಗುಂಪಿನೊಳಗಲ್ಲ. ಸ್ವಲ್ಪ ದೂರ, ಸ್ವಲ್ಪ ಎತ್ತರ. ಲೌರಿ 1952ರಲ್ಲಿ ನಿವೃತ್ತರಾಗುವವರೆಗೂ ಬಾಡಿಗೆ ವಸೂಲಿಯ ಕೆಲಸದಲ್ಲಿದ್ದವರು. ಬೀದಿ ಬೀದಿ ಸುತ್ತಿ ಬಾಗಿಲು ತಟ್ಟಿದ ಮನುಷ್ಯ. ಆ ಜನರ ಹತ್ತಿರವೂ ಇದ್ದರು, ಹೊರಗೂ ಇದ್ದರು.

2022ರಲ್ಲಿ 78 ಲಕ್ಷ ಪೌಂಡ್ ಕೊಟ್ಟು ಈ ಚಿತ್ರವನ್ನು ಕೊಂಡದ್ದು ಸಾಲ್ಫರ್ಡ್‌ನ ‘ದ ಲೌರಿ’ ಕಲಾಕೇಂದ್ರ. ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡಿಗರಿಗೆ ಅದು ಪಕ್ಕದಲ್ಲೇ. ಹೋದರೆ ಫೋನ್ ಜೇಬಿನಲ್ಲಿಡಿ, ಅರ್ಧ ಗಂಟೆ ಇದೊಂದೇ ಚಿತ್ರ ನೋಡಿ.